ಮೂರು ಕಣ್ಣಿನ ಸೇತುವೆಯ ಆಚೆ

ರಾಯದುರ್ಗ
18 ನವೆಂಬರ್ 2024

ಪ್ರೀತಿಯ ಅತ್ತೆಗೆ,

ಸ್ವಪ್ನಾಳ ನಮಸ್ಕಾರ. ನಾವು ಇರುವ ಹಾಗೇ ಇದ್ದೇವೆ. ಅಜ್ಜಿ ಮಾತ್ರ ಹಾಸಿಗೆ ಬಿಟ್ಟು ಏಳುತ್ತಿಲ್ಲ. ದಿನಕ್ಕೊಮ್ಮೆಯಾದರೂ ನನ್ನ ಕೈ ಹಿಡಿದು, “ನನ್ನ ಮಗಳು ಉಜ್ಜಿನಿ ಮಡಕಶಿರದಿಂದ ಬಂದ್ಲಾ?” ಎಂದು ಕೇಳುತ್ತಾಳೆ. ಅತ್ತೆ ನಾಳೆ ಬರುತ್ತಾರೆ ಎನ್ನುತ್ತೇನೆ. ಸುಳ್ಳು ಹೇಳುವುದು ಅಷ್ಟು ಕಷ್ಟವಲ್ಲ ಎಂದು ಈ ಮನೆಯಲ್ಲೇ ಕಲಿತೆ.

ಫೋನಿನಲ್ಲಿ ನಿಮಗೆ ಕಿವಿ ಕೇಳುವುದಿಲ್ಲ. ಓಣಿಗೆಲ್ಲ ಕೇಳುವ ಹಾಗೆ ಕೂಗಲು ನನಗೆ ಬಾಯಿ ಬರುವುದಿಲ್ಲ. ಹಾಗಾಗಿ ಈ ಕಾಗದ.

ನಿಮ್ಮಿಂದ ಒಂದು ಸಹಾಯ ಬೇಕು. ಸೈಟಿನ ವ್ಯಾಪಾರದ ವಾಗೀಶಣ್ಣ ಗೊತ್ತಲ್ಲ, ನಮ್ಮ ಮನೆ ಇರುವ ಈ ಬಡಾವಣೆ, ಅವರ ಬಾಯಲ್ಲಿ ವೆಂಚರ್, ಹಾಕಿದವರು. ಅವರೀಗ ‘ಊರ ನೆನಪು ಬಳಗ’ ಎಂದು ಕಟ್ಟಿಕೊಂಡು ಸ್ಮರಣ ಸಂಚಿಕೆ ತರುತ್ತಿದ್ದಾರೆ. ಇಲ್ಲದಂತಾದ ಹಳೆಯ ಗುರುತುಗಳ ಬಗ್ಗೆ ಅದರಲ್ಲಿ ನಾನು ಬರೆಯಬೇಕಂತೆ. ಜಟಕಾ ಕುದುರೆಗಳ ನೀರಿನ ತೊಟ್ಟಿ, ಸಿಹಿನೀರ ಬಾವಿ, ಹುಣಸೆ ತೋಪು, ಎಲ್ಲಕ್ಕಿಂತ ಮುಖ್ಯವಾಗಿ ನಮ್ಮ ಹಳ್ಳದ ಮೂರು ಕಣ್ಣಿನ ಸೇತುವೆ. ಮನೆಗೆ ಬಂದು ಕುರ್ಚಿಯಲ್ಲಿ ಕೂತು ಹೇಳಿದರು:

“ಎಂಎ ಮಾಡಿ ಮನ್ಯಾಗ ಕುಂತು ಜೀನ್ಸ್ ಪ್ಯಾಂಟಿನ ದಾರ ಕತ್ತರಿಸ್ತೀಯಲ್ಲಮ್ಮ, ನಮಗ ಕೆಟ್ಟನಿಸ್ತದ. ನಾಕು ಪುಟ ಬರಿ. ಓದಿದ ಮಂದಿ ಕಣ್ಣೀರು ಹಾಕ್ಬೇಕು ನೋಡು.”

ನಾನು ಎಂದಿನಂತೆ ತಲೆಯಾಡಿಸಿದೆ. ಅವರು ಏಳುವಾಗ, “ಸೇತುವೆ ಪ್ರವಾಹಕ್ಕ ಕೊಚ್ಚಿ ಹೋತು ಅಂತ ಬರಿ, ಅದು ಛಲೋ ಇರ್ತದ,” ಎಂದರು.

ಅತ್ತೆ, ಸೇತುವೆ ಹೋದಾಗ ನಾನು ಏಳನೇ ಕ್ಲಾಸು. ಆ ವರ್ಷ ಹಳ್ಳದಲ್ಲಿ ಕಾಲು ತೊಳೆಯಲೂ ನೀರಿರಲಿಲ್ಲ. ಹಳದಿ ಜೆಸಿಬಿ ಬಂದಿದ್ದು, ನಾವು ಹುಡುಗಿಯರು ಚೀಲ ಹೊತ್ತು ನಿಂತು ನೋಡಿದ್ದು ಚೆನ್ನಾಗಿ ನೆನಪಿದೆ. ಈಗ ಹಳ್ಳವನ್ನೇ ಉದ್ದಕ್ಕೂ ಸಿಮೆಂಟ್ ಪೈಪಿನಲ್ಲಿ ಹೂತು ಮೇಲೆ ರಸ್ತೆ ಹಾಕಿದ್ದಾರೆ. ದೂರದಲ್ಲಿ ಪೈಪಿನ ಬಾಯಿಗೆ ಜೀನ್ಸ್ ಚಿಂದಿ ಸಿಕ್ಕಿಕೊಂಡು ಕೊಳೆತು ನಾರುತ್ತದೆ. ಇದು ಸಾಲದೆಂದು ವಾಗೀಶಣ್ಣ ವೆಂಚರಿನ ಗೇಟಿನ ಪಕ್ಕ ಫೈಬರಿನಲ್ಲಿ ಮಾಡಿಸಿದ ಸಣ್ಣ ಸೇತುವೆಯೊಂದನ್ನು ನಿಲ್ಲಿಸಿದ್ದಾರೆ. ಕಮಾನಿನ ಮೂರು ಕಣ್ಣಿಗೂ ಬಣ್ಣದ ದೀಪ. ಜನ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ.

ಸೇತುವೆಯ ಬಗ್ಗೆ ನಿಮಗೆ ನೆನಪಿರುವುದೆಲ್ಲ ಬರೆಯಿರಿ.

ನಿಮ್ಮ ತಮ್ಮನ ಮಗಳು,
ಸ್ವಪ್ನಾ


ಮಡಕಶಿರ
2 ಡಿಸೆಂಬರ್ 2024

ಚಿರಂಜೀವಿ ಸ್ವಪ್ನಾಳಿಗೆ,

ಅತ್ತೆಯ ಆಶೀರ್ವಾದ. ನಿನ್ನ ಕಾಗದ ಎರಡು ಸಲ ಓದಿದೆ. ಅಕ್ಷರ ಚೆನ್ನಾಗಿದೆ, ಒತ್ತಕ್ಷರ ಮಾತ್ರ ಅವಸರದಲ್ಲಿ ಬರೆಯುತ್ತೀಯ. ಮೂವತ್ತು ವರ್ಷ ಮಕ್ಕಳ ಕಾಪಿ ತಿದ್ದಿದ ಕೈ ಇದು, ಸುಮ್ಮನಿರುವುದಿಲ್ಲ.

ನೀವೆಲ್ಲ ಸೇತುವೆ ಎಂದರೆ ಹಳ್ಳ ದಾಟುವುದು ಎಂದುಕೊಂಡಿದ್ದೀರಿ. ನಮಗೆ ಅದು ನಿಲ್ಲುವ ಜಾಗ. ಹಳ್ಳದ ಆಚೆ ಮಸಣ. ಹೆಂಗಸರು ಮಸಣಕ್ಕೆ ಹೋಗುವಂತಿಲ್ಲ, ಸೇತುವೆವರೆಗೆ ಹೋಗಬಹುದಿತ್ತು. ಅದರ ಈಚೆ ತುದಿಯಲ್ಲಿ ಒಂದು ಅಗಲವಾದ ಹಾಸುಗಲ್ಲು. ಚಟ್ಟದ ಬಿದಿರು ಜಾರದಂತೆ ಅದರಲ್ಲಿ ಎರಡು ಉದ್ದ ಕಚ್ಚು ಕೊರೆದಿದ್ದರು. ಇಳಿಸೋ ಕಲ್ಲು ಎನ್ನುತ್ತಿದ್ದೆವು. ಹೆಣವನ್ನು ಅಲ್ಲಿ ಇಳಿಸಿ, ಹತ್ತಿರದವರು ಕಿವಿಯಲ್ಲಿ ಮೂರು ಸಲ ಕರೆಯಬೇಕು. ಏಳುತ್ತಾರೇನೋ ಎಂದು. ಯಾರೂ ಏಳುವುದಿಲ್ಲ. ಆಮೇಲೆ ಗಂಡಸರು ಹೊತ್ತು ಆಚೆ ಹೋಗುತ್ತಾರೆ, ಹೆಂಗಸರು ಈಚೆ ನಿಂತು ಅತ್ತು ಹಿಂದಿರುಗುತ್ತಾರೆ.

ನಮ್ಮಪ್ಪ ತೀರಿಕೊಂಡಾಗ, 1984ರಲ್ಲಿ, ಮಗನಾಗಿ ನಿಮ್ಮಪ್ಪನೇ ಕರೆಯಬೇಕಿತ್ತು. ಹದಿನಾರು ವರ್ಷದ ಹುಡುಗ. ಬಗ್ಗಿದ, ಕರೆಯಲಾರದೆ ನನ್ನ ಮುಖ ನೋಡಿದ. ನಾನು ಮೊಣಕಾಲೂರಿ ಕರೆದೆ. “ಹೆಣ್ಣುಮಗಳು ಕರೀತಾಳೇನು?” ಎಂದು ಯಾರೋ ಗೊಣಗಿದರು. ನಿಮ್ಮಜ್ಜಿ ಹಿಂದಿನಿಂದ, “ನನ್ನ ಮಗಳು ಕರೀತಾಳ, ನಿಮ್ಮ ಗಂಟೇನು ಹೋತು?” ಎಂದಳು. ಅವಳಿಗೆ ಆಗ ಬಾಯಿ ಬಹಳ.

ಇಷ್ಟೇ ನನ್ನ ನೆನಪು. ಪ್ರವಾಹದ ಮಾತು ಬರೆಯಬೇಡ. ಸೇತುವೆ ಹೇಗೆ ಹೋಯಿತೆಂದು ನಿಮ್ಮಪ್ಪನನ್ನು ಕೇಳು. ಹನ್ನೊಂದು ವರ್ಷದಿಂದ ನಾನು ರಾಯದುರ್ಗಕ್ಕೆ ಯಾಕೆ ಬಂದಿಲ್ಲ ಎನ್ನುವುದೂ ಅವನಿಗೆ ಗೊತ್ತು.

ಅವ್ವನಿಗೆ ಬೆನ್ನು ಹುಣ್ಣಾಗದಂತೆ ಮಗ್ಗುಲು ಬದಲಿಸುತ್ತಿರು.

ಅತ್ತೆ,
ಉಜ್ಜಿನಮ್ಮ


ರಾಯದುರ್ಗ
22 ಡಿಸೆಂಬರ್ 2024

ಪ್ರೀತಿಯ ಅತ್ತೆಗೆ,

ಅಪ್ಪನನ್ನು ಕೇಳಿದೆ. ಊಟಕ್ಕೆ ಕೂತಿದ್ದರು. ಮಾತು ಇಷ್ಟೇ ನಡೆಯಿತು:

“ಅಪ್ಪಾ, ಸೇತುವೆ ಯಾಕ ಒಡೆದ್ರು?”

“ಯಾವ ಸೇತುವೆ?”

“ನಮ್ಮ ಓಣಿಗೆ ಎಷ್ಟಿದ್ವು?”

ಅಮ್ಮ ನಗು ತಡೆಯಲಾರದೆ ಸಾರಿನ ಪಾತ್ರೆ ಎತ್ತಿಕೊಂಡು ಒಳಗೆ ಹೋದಳು. ಅಪ್ಪ ರೊಟ್ಟಿ ಮುರಿದರು. ಆಮೇಲೆ ತಲೆ ಎತ್ತದೆ ಹೇಳಿದರು: “ಇಲ್ಲಿ ಸೈಟು ಮಾರ್ಬೇಕಿತ್ತು. ಗೇಟಿನ ಎದುರಿಗೇ ದಿನಾ ಹೆಣ ಇಳಿಸಿ ಹೆಂಗಸ್ರು ಬೋರಾಡಿ ಅತ್ರ ಯಾರು ತಗೊಂತಾರ? ವಾಗೀಶ ರಸ್ತೆ ಮಾಡಿಸ್ತೀನಿ ಅಂದ. ನಾನು ಟ್ರ್ಯಾಕ್ಟರ್ ಬಿಟ್ಟೆ. ಕಲ್ಲು ಸಾಗಿಸಿದೆ. ಈ ಮೂಲೆ ಸೈಟು ಕೊಟ್ಟ. ಸಾಕಾ?”

ನನಗೆ ಸಾಕಾಗಿತ್ತು. ಆದರೆ ಅವರು ಮುಗಿಸಲಿಲ್ಲ.

“ನನ್ನೊಬ್ಬನ್ನೇ ಯಾಕ ಕೇಳ್ತಿ? ಸೇತುವೆ ಇವತ್ತೋ ನಾಳೆಯೋ ಬೀಳ್ತದ ಅಂತ ಅರ್ಜಿ ಬರೆದಾಕಿ ನಿಮ್ಮತ್ತೆ. ಅಕಿನ್ನ ಕೇಳು.”

ಅತ್ತೆ, ಅವರು ಸಿಟ್ಟಿಗೆ ಹೇಳಿದ್ದು ತಾನೆ?

ಅಂದಿನಿಂದ ಈ ಮನೆಯಲ್ಲಿ ನೆಲದ ಮೇಲೆ ಕಾಲಿಡಲೂ ಅಸಹ್ಯವಾಗುತ್ತಿದೆ. ಅಡುಗೆಮನೆ ಕಿಟಕಿ ತೆರೆದರೆ ಮಸಣದ ರಸ್ತೆ. ಹೆಣ ಹೊತ್ತ ವ್ಯಾನು ಹಾಡು ಹಾಕಿಕೊಂಡು ಒಂದೇ ಓಟದಲ್ಲಿ ಹೋಗುತ್ತದೆ. ಎಲ್ಲಿಯೂ ಇಳಿಸುವುದಿಲ್ಲ. ಹೆಂಗಸರನ್ನು ಮನೆಯ ಹೊಸ್ತಿಲಲ್ಲೇ ತಡೆಯುತ್ತಾರೆ. ಈ ಹನ್ನೊಂದು ವರ್ಷ ನಾನು ಇದನ್ನು ನೋಡಿಯೂ ನೋಡಿರಲಿಲ್ಲ. ನಿಮ್ಮ ಕಾಗದ ಬಂದ ಮೇಲೆ ಕಂಡಿತು.

ನಿನ್ನೆ ಲೇಖನ ಕೊಡಲು ವಾಗೀಶಣ್ಣನ ಆಫೀಸಿಗೆ ಹೋಗಿದ್ದೆ. ಬಾಗಿಲಲ್ಲಿ ಚಪ್ಪಲಿ ಬಿಡುವಾಗ ಮೆಟ್ಟಿಲು ನೋಡಿದೆ. ಅಗಲ ಹಾಸುಗಲ್ಲು, ಎರಡು ಉದ್ದ ಕಚ್ಚು. ಒಂದರಲ್ಲಿ ಯಾರೋ ಎಲೆಯಡಿಕೆ ಉಗಿದಿದ್ದರು, ಇನ್ನೊಂದರಲ್ಲಿ ಬೀಡಿ ತುಂಡು. ಚಪ್ಪಲಿಯನ್ನು ಮತ್ತೆ ಕೈಗೆತ್ತಿಕೊಂಡು ಮೆಟ್ಟಿಲು ಮುಟ್ಟದೆ ದಾಟಿ ಒಳಗೆ ಹೋದೆ. “ಏನಮ್ಮ, ಚಪ್ಪಲಿ ಹೊಸವೇನು? ಯಾರೂ ಕದಿಯಲ್ಲ, ಬಿಡು,” ಎಂದು ಅವರು ನಕ್ಕರು.

ಲೇಖನ ಓದಿದರು. ಹಾಸುಗಲ್ಲಿನ ಭಾಗ ಬಂದಾಗ ಕನ್ನಡಕ ತೆಗೆದು, “ಭಾಳ ಛಂದ ಬರೆದಿ. ನನ್ನ ಎದಿ ಹಿಂಡಿತು,” ಎಂದರು. ನಿಜವಾಗಿಯೂ ಕಣ್ಣು ಒದ್ದೆಯಾಗಿತ್ತು! ಆಮೇಲೆ ಪೆನ್ನು ತೆಗೆದು ಜೆಸಿಬಿಯ ಸಾಲು ಹೊಡೆದು ಹಾಕಿ, ‘ಭೀಕರ ಪ್ರವಾಹ’ ಎಂದು ಬರೆದರು. “ಹಿಂಗೇ ಇರ್ಲಾ?” ಎಂದು ಕೇಳಿದರು.

ನಾನು ತಲೆಯಾಡಿಸಿದೆ. ಅತ್ತೆ, ನಾನು ಮತ್ತೆ ತಲೆಯಾಡಿಸಿದೆ. ಅವರ ಒದ್ದೆ ಕಣ್ಣಿಗಿಂತ ಹೆಚ್ಚು ಅಸಹ್ಯ ಅದು.

ಸ್ವಪ್ನಾ


ಮಡಕಶಿರ
20 ಜನವರಿ 2025

ಸ್ವಪ್ನಾ,

ಒಂದು ತಿಂಗಳು ಉತ್ತರ ಬರೆಯಲಿಲ್ಲ. ಮೊದಲ ಹದಿನೈದು ದಿನ ಬರೆಯಲು ಮನಸ್ಸಾಗಲಿಲ್ಲ. ಆಮೇಲೆ ಬಚ್ಚಲಲ್ಲಿ ಜಾರಿಬಿದ್ದು ತೊಡೆಯ ಮೂಳೆ ಮುರಿಯಿತು. ರಾಡು ಹಾಕಿದ್ದಾರೆ. ಮಗ್ಗುಲಾಗಲೂ ಪಕ್ಕದ ಮನೆಯ ಶ್ರೀಲತಾ ಬರಬೇಕು. ಮಲಗಿಕೊಂಡೇ ಬರೆಯುತ್ತಿದ್ದೇನೆ, ಸಾಲು ಓರೆಯಾದರೆ ಬಯ್ಯಬೇಡ.

ನಿಮ್ಮಪ್ಪ ಸಿಟ್ಟಿಗೆ ಹೇಳಿದ್ದಲ್ಲ. ಅರ್ಜಿ ಬರೆದದ್ದು ನಾನೇ.

ಆ ಬೇಸಿಗೆ ಅವ್ವನನ್ನು ನೋಡಲು ಬಂದಿದ್ದೆ. ನಿಮ್ಮಪ್ಪ ಪೆದ್ದಣ್ಣನೇ, “ಅಕ್ಕಾ, ಸೇತುವೆ ಗೋಡೆ ಬಿರುಕು ಬಿಟ್ಟೈತಿ, ರಿಪೇರಿಗೊಂದು ಅರ್ಜಿ ಬರೆದುಕೊಡು, ಆಂಧ್ರದ ಆಫೀಸಿಗೆ ತೆಲುಗಿನಾಗ ನಿನ್ನಂಗ ಯಾರು ಬರೀತಾರ?” ಎಂದ. ನನಗೂ ಹೆಮ್ಮೆ. ಸರ್ಕಾರಿ ಶಾಲೆಯಲ್ಲಿ ದುಡಿದವರಿಗೆ ಒಂದು ಚಾಳಿ ಇರುತ್ತದೆ. ಹೆಂಚು ಒಂದು ಸೋರಿದರೆ ಇಡೀ ಚಾವಣಿ ಕುಸಿಯಲಿದೆ ಎಂದು ಬರೆಯುತ್ತೇವೆ. ಹಾಗೆ ಬರೆಯದಿದ್ದರೆ ಒಂದು ಹೆಂಚೂ ಬರುವುದಿಲ್ಲ. ಎಷ್ಟು ಶಾಲೆಗೆ ಹೀಗೆ ಚಾವಣಿ ಹಾಕಿಸಿದ್ದೇನೆ! ಅದೇ ಕೈಯಿಂದ ಬರೆದೆ. ‘ಅತ್ಯಂತ ಶಿಥಿಲ, ಯಾವ ಕ್ಷಣದಲ್ಲಾದರೂ ಕುಸಿದು ಶಾಲಾ ಮಕ್ಕಳ ಪ್ರಾಣಕ್ಕೆ ಅಪಾಯ.’ ಗುಲಗಂಜಿಯಷ್ಟು ಬಿರುಕಿತ್ತು, ಸ್ವಪ್ನಾ. ಆನೆ ನಡೆದರೂ ಬೀಳದ ಸೇತುವೆ. ಓಣಿಯವರೆಲ್ಲ ನನ್ನ ಮೇಲಿನ ನಂಬಿಕೆಯಿಂದ ಸಹಿ ಹಾಕಿದರು. ಆ ಕಾಗದ ಹಿಡಿದುಕೊಂಡೇ ಒಡೆದರು.

ಒಡೆದ ಮರುದಿನ ನಿಮ್ಮಪ್ಪನ ಜೊತೆ ಜಗಳವಾಡಿ ಬಸ್ಸು ಹತ್ತಿದವಳು ಮತ್ತೆ ಬರಲಿಲ್ಲ. ಅವನ ಮೇಲಿನ ಸಿಟ್ಟು ಎಂದು ಎಲ್ಲರೂ ತಿಳಿದರು. ಓಣಿಯ ಹೆಂಗಸರಿಗೆ ಮುಖ ತೋರಿಸಲಾಗದೆ ಬರಲಿಲ್ಲ. ಈಗ ಬರಬೇಕೆಂದರೆ ಕಾಲಿಲ್ಲ.

ಅವ್ವ ಇನ್ನು ಹೆಚ್ಚು ದಿನ ಇರುವುದಿಲ್ಲವೆಂದು ನೀನು ಬರೆಯದಿದ್ದರೂ ಗೊತ್ತಾಗುತ್ತದೆ. ಒಂದು ಕೆಲಸ ಮಾಡು. ನನ್ನ ಬದಲು ನೀನು ಅವಳ ಜೊತೆ ಸೇತುವೆ ಇದ್ದಲ್ಲಿಗಾದರೂ ಹೋಗು. ಮನೆಯ ಬಾಗಿಲಿಂದಲೇ ಅವಳನ್ನು ಕಳಿಸಬೇಡ. ಕಿವಿಯಲ್ಲಿ ಹೇಳು, ಉಜ್ಜಿನಿ ಬಂದಿದ್ದಾಳೆ ಎಂದು. ನೀನು ನಾಲ್ಕು ಜನರ ಮುಂದೆ ಬಾಯಿ ಬಿಡದ ಹುಡುಗಿ. ತಿಳಿದೇ ಕೇಳುತ್ತಿದ್ದೇನೆ.

ಅತ್ತೆ


ರಾಯದುರ್ಗ
16 ಫೆಬ್ರುವರಿ 2025

ಪ್ರೀತಿಯ ಅತ್ತೆಗೆ,

ಅಜ್ಜಿ ಹೋದ ಸುದ್ದಿಯನ್ನು ಶ್ರೀಲತಕ್ಕ ಚೀಟಿಯಲ್ಲಿ ಬರೆದು ನಿಮಗೆ ತೋರಿಸಿದರೆಂದು ತಿಳಿಯಿತು. ಉಳಿದದ್ದನ್ನು ಈಗ ಬರೆಯುತ್ತೇನೆ. ಐದು ದಿನ ಪೆನ್ನು ಹಿಡಿಯಲಾಗಲಿಲ್ಲ.

ಹತ್ತನೇ ತಾರೀಕು ಬೆಳಿಗ್ಗೆ ಏಳಕ್ಕೆ ಉಸಿರು ನಿಂತಿತು. ಹನ್ನೆರಡಕ್ಕೆ ವ್ಯಾನು ಬಂತು. ವಾಗೀಶಣ್ಣ ದೊಡ್ಡ ಹಾರ ತಂದಿದ್ದರು. ಫೋಟೋ ತೆಗೆಯುವವನನ್ನೂ ತಂದಿದ್ದರು. ಓಣಿಯಲ್ಲಿ ಹೆಣ ಮಣ್ಣು ಮಾಡುವ ಕೆಲಸಕ್ಕೆಲ್ಲ ಮುಂದೆ ನಿಲ್ಲುವ ಬೊಮ್ಮಪ್ಪ ತಾತ ಬಾಗಿಲಿಗೆ ಕೈ ಅಡ್ಡ ಇಟ್ಟರು. “ಹೆಣ್ಮಕ್ಳು ಇಲ್ಲೇ ಇರ್ರಿ. ಗಾಡಿ ಐತಿ, ಐದು ನಿಮಿಷದ ಕೆಲಸ.”

ಅಜ್ಜಿಯದು ಐದು ನಿಮಿಷದ ಕೆಲಸ!

“ತಾತಾ, ಸೇತುವೆವರೆಗೆ ಬರ್ತೀವಿ. ಮೊದಲು ಹೋಗ್ತಿದ್ರಲ್ಲ,” ಎಂದೆ. ನನ್ನ ಧ್ವನಿ ನನಗೇ ಕೇಳಿಸಿರಲಿಕ್ಕಿಲ್ಲ. ಆದರೆ ಹಿಂದೆ ನಿಂತಿದ್ದ ಪಕ್ಕದ ಮನೆ ಚಂದ್ರಕಲಕ್ಕನಿಗೆ ಕೇಳಿಸಿತು. “ಹೌದಲ್ಲ? ಸೇತುವೆವರೆಗೆ ಹೋಗೋದು ನಮ್ಮ ಪದ್ಧತಿ. ನಡೀರಿ,” ಎಂದು ಸೆರಗು ಸಿಕ್ಕಿಸಿ ನಡೆದೇಬಿಟ್ಟಳು. ಅಮ್ಮ ಹೋದಳು. ಒಂಬತ್ತು ಹೆಂಗಸರು ವ್ಯಾನಿನ ಹಿಂದೆ ಹೋದೆವು. ರಸ್ತೆಯನ್ನು ಪೈಪಿಗೆಂದು ಅಗೆದಿದ್ದರಿಂದ ವ್ಯಾನು ನಮ್ಮಷ್ಟೇ ನಿಧಾನ.

ವೆಂಚರಿನ ಗೇಟು ಬಂತು. ಬೊಮ್ಮಪ್ಪ ತಾತ ಹಿಂತಿರುಗಿ ಕೈ ಎತ್ತಿ, “ಇಲ್ಲಿಗೆ ಸಾಕು. ಹೊಳ್ಳಿ ಹೋಗ್ರಿ,” ಎಂದರು.

ನಾನು ವಾದ ಮಾಡಲು ಕೇಳಲಿಲ್ಲ, ಅತ್ತೆ. ಜೆಸಿಬಿ ನೆನಪಿದ್ದರೂ ಜಾಗ ನಿಜವಾಗಿಯೂ ತಿಳಿಯದೆ ಕೇಳಿದೆ: “ತಾತಾ, ಸೇತುವೆ ಇಲ್ಲೇ ಇತ್ತಾ?”

ಅವರು ಅತ್ತ ಇತ್ತ ನೋಡಿದರು. ಎಲ್ಲಿ ನೋಡಿದರೂ ಒಂದೇ ಸಮ ಕಾಂಕ್ರೀಟು. “ಈ ಕಂಬದ ಹತ್ರ,” ಎಂದರು.

“ಅಲ್ಲಲ್ಲ, ಕಿರಾಣಿ ಅಂಗಡಿ ದಾಟಿ ಇತ್ತು,” ಎಂದರು ಹನುಮಂತು ಮಾವ.

“ನಿನಗೇನ್ ಗೊತ್ತಲೇ? ನೀನಾಗ ಬಳ್ಳಾರ್ಯಾಗಿದ್ದಿ.”

“ಬಳ್ಳಾರ್ಯಾಗಿದ್ರ ಸೇತುವೆ ದಾಟದಂಗ ಮನೀಗೆ ಬರ್ತಿದ್ನಾ? ಅಂಗಡಿ ಆಚೆ!”

ಹೆಣ ವ್ಯಾನಿನಲ್ಲಿ, ಗಂಡಸರು ನಡುರಸ್ತೆಯಲ್ಲಿ. ಸೇತುವೆ ಎಲ್ಲಿತ್ತೆಂದು ಹತ್ತು ಮಂದಿ ಹತ್ತು ಕಡೆ ಕೈ ತೋರಿಸುತ್ತಿದ್ದರು. ಅಪ್ಪನೊಬ್ಬರೇ ಸುಮ್ಮನಿದ್ದರು. ಕಲ್ಲು ಸಾಗಿಸಿದವರಿಗೆ ಜಾಗ ಮರೆತಿರಲಾರದು.

ವಾಗೀಶಣ್ಣ ಮುಂದೆ ಬಂದು ಫೈಬರಿನ ಸೇತುವೆ ತೋರಿಸಿದರು. “ಜಗಳ ಯಾಕ? ಅದನ್ನೇ ಸೇತುವೆ ಅನ್ಕೊಂಡು ಹೊಳ್ಳಿ ಹೋಗ್ರಿ, ಅಮ್ಮಾ.”

“ಹಂಗಾ?” ಎಂದಳು ಚಂದ್ರಕಲಕ್ಕ. “ಹಂಗಾದ್ರ ಮುದುಕಿನ್ನ ಅದರ ಮ್ಯಾಲೆ ಇಳಿಸ್ರಿ. ತಡೀತದಾ ನೋಡೋಣು.”

ಅದರ ಪಕ್ಕದಲ್ಲೇ ‘ದಯವಿಟ್ಟು ಮೇಲೆ ಹತ್ತಬೇಡಿ’ ಎಂಬ ಬೋರ್ಡು. ಯಾರೋ ಕಿಸಕ್ಕೆಂದರು. ಸಾವಿನ ಮೆರವಣಿಗೆಯಲ್ಲಿ ನಗು ಬಂತು, ಅತ್ತೆ. ಅಜ್ಜಿ ಇದ್ದಿದ್ದರೆ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದಳು. ಅಷ್ಟರಲ್ಲಿ ವ್ಯಾನಿನ ಡ್ರೈವರ್ ಬೇಸತ್ತು ಗಾಡಿ ಮುಂದಕ್ಕೆ ಬಿಟ್ಟ. ಗಂಡಸರು ಅದರ ಹಿಂದೆ ಓಡಿದರು. ನಾವೂ ನಡೆದೆವು. ಎಲ್ಲಿ ನಿಲ್ಲಬೇಕೆಂದು ಹೇಳಲು ಯಾರ ಹತ್ತಿರವೂ ಗುರುತು ಉಳಿದಿರಲಿಲ್ಲ. ನಿಲ್ಲದೆ ನಡೆದೆವು.

ಹೀಗೆ ನಮ್ಮ ಓಣಿಯ ಹೆಂಗಸರು ಮೊದಲ ಸಲ ಮಸಣ ನೋಡಿದೆವು.

ಗೋರಿಗಳ ನಡುವೆ ಕ್ವಾರ್ಟರ್ ಬಾಟಲಿಗಳು, ಒಂದೆರಡಲ್ಲ, ರಾಶಿ. ಬಿರಿಯಾನಿ ತಿಂದು ಎಸೆದ ಪ್ಲಾಸ್ಟಿಕ್ ತಟ್ಟೆ, ಮೂಳೆಗೆ ಕಚ್ಚಾಡುವ ನಾಯಿಗಳು. ಒಂದು ಗೋರಿಯ ಮೇಲೆ ಇಸ್ಪೀಟು ಎಲೆ ಹರಡಿ, ಗಾಳಿಗೆ ಹಾರದಂತೆ ಕಲ್ಲು ಇಟ್ಟಿದ್ದರು. ಆಟ ಅರ್ಧಕ್ಕೆ ನಿಂತಿತ್ತು, ಬಂದು ಮುಂದುವರಿಸುವವರ ಹಾಗೆ. ನಿಮ್ಮಪ್ಪನ, ನನ್ನ ತಾತನ ಗೋರಿ ಬೇವಿನ ಮರದ ಪಕ್ಕ. ಹೆಸರಿನ ಕಲ್ಲು ಇದೆ. ಅದರ ಬುಡದಲ್ಲಿ ಸುಣ್ಣ ಹಳದಿಯಾಗಿತ್ತು. ಸೆರಗು ಮೂಗಿಗೆ ಹಿಡಿಯದೆ ಹತ್ತಿರ ನಿಲ್ಲಲಾಗಲಿಲ್ಲ. ದಿನವೂ ಯಾರೋ ಅಲ್ಲಿ ನಿಂತು ಉಚ್ಚೆ ಹೊಯ್ಯುತ್ತಾರೆ. ಯಾರೋ ಎಂದರೆ ಯಾರು? ನಮ್ಮ ಓಣಿಯವರೇ. ಬೇರೆ ಊರವರು ಉಚ್ಚೆ ಹೊಯ್ಯಲು ಇಲ್ಲಿಯವರೆಗೆ ಬರುತ್ತಾರೆಯೇ?

ಅಮ್ಮ ಅಪ್ಪನನ್ನು ನೋಡಿದಳು. ಮೂವತ್ತು ವರ್ಷದ ಸಂಸಾರದಲ್ಲಿ ಅವಳು ಹಾಗೆ ನೋಡಿದ್ದನ್ನು ನಾನು ಕಂಡಿಲ್ಲ. ಅಪ್ಪ ಅಲ್ಲಿಂದ ಹೊರಟು ಬೇವಿನ ಮರದ ಹಿಂದೆ ನಿಂತರು.

“ಹೆಂಗಸ್ರು ಬಂದ್ರ ಮಸಣ ಮೈಲಿಗಿ ಆಗ್ತದಂತ,” ಎಂದಳು ಚಂದ್ರಕಲಕ್ಕ, ಕಾಲಿನಿಂದ ಬಾಟಲಿ ಸರಿಸುತ್ತಾ.

ಗುಂಡಿಯ ಪಕ್ಕ ಅಜ್ಜಿಯನ್ನು ಬರೀ ನೆಲದ ಮೇಲೆ ಇಳಿಸಿದರು. ನಾನು ಬಗ್ಗಿದೆ. ಎಲ್ಲರೂ ನೋಡುತ್ತಿದ್ದರು, ಬೆವರು ಕಣ್ಣಿಗಿಳಿಯಿತು. ಅಜ್ಜಿಯ ಕಿವಿಯಲ್ಲಿ, “ಅವ್ವಾ, ಉಜ್ಜಿನಿ ಬಂದೀನಿ,” ಎಂದು ಮೂರು ಸಲ ಹೇಳಿದೆ. ನಿಮ್ಮ ಕೆಲಸ ಮುಗಿಸಿದ್ದೇನೆ. ಬೊಮ್ಮಪ್ಪ ತಾತ ಮುಖ ಅತ್ತ ತಿರುಗಿಸಿದರು, ತಡೆಯಲಿಲ್ಲ.

ಮರುದಿನ ವಾಗೀಶಣ್ಣನ ಆಫೀಸಿಗೆ ಹೋಗಿ ಲೇಖನ ವಾಪಸ್ ಕೇಳಿದೆ. “ಪ್ರೆಸ್ಸಿಗೆ ಹೋಗೈತಿ,” ಎಂದರು. “ಹಂಗಾದ್ರ ನನ್ನ ಹೆಸರು ತೆಗೀರಿ,” ಎಂದೆ. “ಏನ್ ಹುಡುಗೀಯಮ್ಮ ನೀನು? ಆಯ್ತು, ನನ್ನ ಹೆಸರು ಹಾಕ್ಕೊಂತೀನಿ,” ಎಂದರು, ಬೇಜಾರಿಲ್ಲದೆ. ಈಗ ಪ್ರವಾಹವೂ ಅವರದೇ, ಕಣ್ಣೀರೂ ಅವರದೇ.

ಆ ಸೇತುವೆಯ ಬಗ್ಗೆ ಇನ್ನು ಚಂದವಾಗಿ ಬರೆಯಲು ನನ್ನಿಂದಾಗದು. ಅದನ್ನು ಒಡೆದವರ ಮೇಲೆ ಹೇಸಿಗೆ ಇದೆ. ಆದರೆ ಅದು ನಿಂತಿದ್ದಷ್ಟೂ ಕಾಲ ನೀವೆಲ್ಲ ಈಚೆ ನಿಂತು ಅಳುವಾಗ, ಆಚೆ ಗಂಡಸರು ಏನು ಮಾಡಿಕೊಂಡಿದ್ದರು? ಆ ಹಳದಿ ಸುಣ್ಣ ಹನ್ನೊಂದು ವರ್ಷದ್ದಲ್ಲ.

ನಿಮಗೆ ಇದನ್ನೆಲ್ಲ ಬರೆಯಬಾರದಿತ್ತೇನೋ. ಬರೆದುಬಿಟ್ಟೆ.

ಸ್ವಪ್ನಾ


ಮಡಕಶಿರ
3 ಮಾರ್ಚ್ 2025

ಸ್ವಪ್ನಾ,

ಬರೆಯಬಾರದಿತ್ತು ಎಂದು ಯಾಕೆ ಅನ್ನುತ್ತೀ? ಅವ್ವನ ಕಿವಿಯಲ್ಲಿ ನನ್ನ ಹೆಸರು ಹೇಳಿದವಳು ನೀನು. ನಿನಗೆ ಕಂಡದ್ದನ್ನು ನನ್ನಿಂದ ಮುಚ್ಚಿಡುವುದು ಬೇಡ.

ನಿನ್ನ ಕಾಗದ ಓದಿದ ದಿನ ಊಟ ಸೇರಲಿಲ್ಲ. ಮರುದಿನ ಸೇರಿತು. ಶ್ರೀಲತಾಳಿಗೆ ಓದಿ ಹೇಳಿದೆ. ಅವಳು, “ನಮ್ಮೂರಾಗೂ ಹಂಗೇ ಇರುತ್ತೇನೋ, ನಾವ್ಯಾವಾಗ ನೋಡಿದೀವಿ?” ಎಂದು ಚೀಟಿಯಲ್ಲಿ ಬರೆದು ತೋರಿಸಿದಳು.

ಡಾಕ್ಟರು ಮೇ ತಿಂಗಳಿಗೆ ಕೋಲು ಹಿಡಿದು ನಡೆಯಬಹುದು ಎಂದಿದ್ದಾರೆ. ಪಾವಗಡ, ಕಲ್ಯಾಣದುರ್ಗ ದಾಟಿ ಮಧ್ಯಾಹ್ನಕ್ಕೆ ಬಂದು ಇಳಿಯುತ್ತೇನೆ. ನಿಮ್ಮಪ್ಪನ ಹತ್ತಿರ ಮಾತಾಡುತ್ತೇನೋ ಇಲ್ಲವೋ ಆಗ ನೋಡೋಣ. ಓಣಿಯ ಹೆಂಗಸರ ಹತ್ತಿರ ಮಾತ್ರ ಅರ್ಜಿಯ ವಿಷಯ ನಾನೇ ಹೇಳಬೇಕು, ನೀನು ಮೊದಲೇ ಹೇಳಬೇಡ.

ಬಾಟಲಿ ತುಂಬಲು ನಾಲ್ಕು ಗೋಣಿಚೀಲ, ಉದ್ದ ಹಿಡಿಯ ಕಸಬರಿಗೆ ಎರಡು, ಸುಣ್ಣ ಒಂದು ಡಬ್ಬಿ ತಂದಿಡು. ಚಂದ್ರಕಲಾಳಿಗೂ ಬರಲು ಹೇಳು. ಯಾರಾದರೂ ತಡೆದರೆ ನೀನೇ ಮಾತಾಡು, ನನಗೆ ಕಿವಿ ಕೇಳುವುದಿಲ್ಲ.

ನಮ್ಮಪ್ಪನನ್ನು ಕಳಿಸಿಕೊಟ್ಟು ನಲವತ್ತೊಂದು ವರ್ಷ. ಬೇವಿನ ಮರದ ಪಕ್ಕ ಎಂದು ನೀನು ಬರೆದ ಮೇಲೆಯೇ ಅವನು ಎಲ್ಲಿದ್ದಾನೆಂದು ನನಗೆ ಗೊತ್ತಾದದ್ದು. ಆ ಮರದವರೆಗೆ ನನಗೆ ದಾರಿ ಗೊತ್ತಿಲ್ಲ. ನೀನು ಮುಂದೆ ನಡೆಯಬೇಕು.

ಅತ್ತೆ,
ಉಜ್ಜಿನಮ್ಮ